ಕಬ್ಬು ಕಡಿಯುವವನ 17ನೇ ಗೊಂಬೆ

ಏಳು ತಿಂಗಳು ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸೋದು. ಉಳಿದ ಐದು ತಿಂಗಳು ಪಟ್ಟಣದಲ್ಲಿ ಜೇಬು ಖಾಲಿಯಾಗೋ ತನಕ ಮಜಾ ಮಾಡೋದು. 16 ವರ್ಷ ಹೀಗೇ ಸಾಗಿದ ಬಾಳು 17ನೇ ವರ್ಷ ಮುಗ್ಗರಿಸಿದರೆ ಗತಿ ಏನು?

ಆಸ್ಟ್ರೇಲಿಯಾದ ಹೆಸರಾಂತ ನಾಟಕ ‘ಸಮ್ಮರ್ ಆಫ್ ದಿ ಸೆವೆಂಟೀನ್ತ್ ಡಾಲ್’ ಕೇಳುವ ಪ್ರಶ್ನೆ ಇದೇ. 1955ರ ನವೆಂಬರ್‌ನಲ್ಲಿ ಮೆಲ್ಬೋರ್ನ್‌ನಲ್ಲಿ ಮೊದಲ ಪ್ರದರ್ಶನ ಕಂಡ ಇದನ್ನು 2011ರಲ್ಲಿ ಸಿಡ್ನಿಯ ಬೆಲ್ವಾರ್ ರಂಗಮಂದಿರ ನೀಲ್ ಆರ್ಮ್‌ಫೀಲ್ಡ್ ನಿರ್ದೇಶನದಲ್ಲಿ ಮತ್ತೆ ಆಡಿಸಿತು.

ಬರೆದವರು ರೇ ಲಾಲರ್. 13ನೇ ವಯಸ್ಸಿಗೇ ಶಾಲೆ ಬಿಟ್ಟು ಕಾರ್ಖಾನೆ ಕೆಲಸಕ್ಕೆ ಸೇರಿದವರು. ಮೊದಲ ಪ್ರದರ್ಶನದಲ್ಲಿ ಬಾರ್ನಿಯ ಪಾತ್ರ ಮಾಡಿದವರೂ ಅವರೇ. 2024ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಥೆ ಸರಳ

ರೂ ಮತ್ತು ಬಾರ್ನಿ ಜೋಡಿ ಗೆಳೆಯರು. ಉತ್ತರದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಕಡಿಯುತ್ತಾರೆ. ಸುಗ್ಗಿ ಮುಗಿದೊಡನೆ ಮೆಲ್ಬೋರ್ನ್‌ಗೆ ಬಂದಿಳಿಯುತ್ತಾರೆ. (ಅಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ.) ಬಾರಿನಲ್ಲಿ ಕೆಲಸ ಮಾಡುವ ಆಲಿವ್ ಮನೆಯೇ ಅವರ ಬಿಡಾರ. ಪ್ರತಿ ಸಲವೂ ರೂ ಆಕೆಗೊಂದು ಜಾತ್ರೆ ಗೊಂಬೆ ತರುತ್ತಾನೆ. ಮದುವೆ ಗಿದುವೆ ಮಾತೇ ಇಲ್ಲ.

17ನೇ ವರ್ಷ ಗೊಂಬೆಯೇನೋ ಬಂತು, ದುಡ್ಡು ಬರಲಿಲ್ಲ. ಗ್ಯಾಂಗಿನ ಮೇಸ್ತ್ರಿಯಾಗಿದ್ದ ರೂನನ್ನು ಜಾನಿ ಡೌಡ್ ಎಂಬ ಹುಡುಗ ಕೆಲಸದಲ್ಲಿ ಮೀರಿಸಿದ್ದಾನೆ. ಹೊಡೆದಾಡಿಕೊಂಡು ರೂ ಸುಗ್ಗಿಯ ಮಧ್ಯದಲ್ಲೇ ಹೊರಬಿದ್ದಿದ್ದಾನೆ. ಬಾರ್ನಿ ಮಾತ್ರ ಗೆಳೆಯನ ಹಿಂದೆ ಹೋಗದೆ ಗದ್ದೆಯಲ್ಲೇ ಉಳಿದಿದ್ದ! ಬಾರ್ನಿಯ ಗೆಳತಿ ನ್ಯಾನ್ಸಿ ಬೇರೆಯವನನ್ನು ಮದುವೆಯಾಗಿ ಹೋಗಿದ್ದಾಳೆ. ಕೈ ಖಾಲಿಯಾದ ರೂ ಬಣ್ಣದ ಕಾರ್ಖಾನೆಗೆ ಸೇರುತ್ತಾನೆ.

ಮೈಯೇ ಬಂಡವಾಳ

ಅಂಗಡಿಯವರಿಗೆ ಗೊತ್ತು, ಬಂಡವಾಳ ಕರಗಿದರೆ ವ್ಯಾಪಾರ ನಿಲ್ಲುತ್ತೆ. ರೂಗೆ ಮೈಯೇ ಬಂಡವಾಳ. ಅದು ಕರಗುತ್ತಿದೆ ಅಂತ ಒಪ್ಪಲು ಅವನಿಗೆ ಇಷ್ಟವಿಲ್ಲ. ಬೆನ್ನು ನೋವು ಅಂತಾನೆ. ವಯಸ್ಸಾಯ್ತು ಕಣಪ್ಪ ಎಂದು ಮುಖಕ್ಕೆ ಹೇಳುವವಳು ಆಲಿವ್‌ಳ ಮುದಿ ತಾಯಿ ಎಮ್ಮಾ. 2011ರಲ್ಲಿ ಈ ಪಾತ್ರ ಮಾಡಿದವರು ಹಿರಿಯ ನಟಿ ರಾಬಿನ್ ನೆವಿನ್. ಸ್ಟೀವ್ ಲಾ ಮಾರ್ಕಂಡ್ ರೂ ಆದರೆ, ಡ್ಯಾನ್ ವೈಲಿ ಬಾರ್ನಿ.

ಕಷ್ಟದ ಪಾತ್ರ ಸೂಸಿ ಪೋರ್ಟರ್ ಮಾಡಿದ ಆಲಿವ್‌ಳದು. ಕೊನೆಗೆ ರೂ ಮದುವೆಯಾಗೋಣ ಅಂತಾನೆ. ಆಕೆ ಕುಣಿದಾಡಬೇಕಲ್ಲವೆ? ಇಲ್ಲ, ಎದೆ ಒಡೆದವಳಂತೆ ಕೂಗಾಡುತ್ತಾಳೆ. ಆಕೆಗೆ ಬೇಕಾದದ್ದು ಹಳೆಯ ಬೇಸಿಗೆಗಳು. ದಿನಾ ಸಂಜೆ ಕಾರ್ಖಾನೆಯಿಂದ ಮನೆಗೆ ಬರುವ ಗಂಡನಲ್ಲ. ಇದನ್ನು ಹುಚ್ಚು ಅನ್ನುವವರಿದ್ದಾರೆ. ಆದರೆ 16 ವರ್ಷ ಆಕೆಯನ್ನು ಬದುಕಿಸಿದ್ದೇ ಆ ಐದು ತಿಂಗಳು. ಅದನ್ನು ಕಿತ್ತುಕೊಂಡು ತಾಳಿ ಕೊಡ್ತೀನಿ ಅಂದ್ರೆ ಲೆಕ್ಕ ಸರಿಹೋಗುತ್ತದೆಯೆ? ತಪ್ಪು ಯಾರದೆಂದು ಲಾಲರ್ ತೀರ್ಪು ಕೊಡುವುದಿಲ್ಲ. ನಾಟಕದ ಕಸುವು ಅಲ್ಲೇ ಇದೆ.

1957ರಲ್ಲಿ ಲಂಡನ್ ಈ ನಾಟಕವನ್ನು ಮೆಚ್ಚಿತು. 1958ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆಲವೇ ವಾರಕ್ಕೆ ಪರದೆ ಬಿತ್ತು. 1959ರಲ್ಲಿ ಸಿನಿಮಾ ಮಾಡಿದವರು ಕೊನೆಯನ್ನೇ ಬದಲಿಸಿ ಸುಖಾಂತ ಮಾಡಿಬಿಟ್ಟರು.

ಕ್ವೀನ್ಸ್‌ಲ್ಯಾಂಡಿನಲ್ಲಿ ಈಗ ಕಬ್ಬು ಕಡಿಯೋದು ಯಂತ್ರ. ರೂ, ಬಾರ್ನಿಯಂಥ ಗ್ಯಾಂಗುಗಳು ಇಲ್ಲವಾಗಿ ದಶಕಗಳೇ ಕಳೆದಿವೆ. ಆದರೂ ನಾಟಕ ಹಳತಾಗಿಲ್ಲ. ದುಡಿಯೋ ಮೈಗೆ ವಯಸ್ಸಾಗೋದನ್ನು ಯಾವ ಯಂತ್ರ ತಪ್ಪಿಸೀತು? ಕೊನೆಯಲ್ಲಿ ರೂ 17ನೇ ಗೊಂಬೆಯನ್ನು ಚಚ್ಚಿ ಪುಡಿಮಾಡುತ್ತಾನೆ. ಬಾರ್ನಿ ಮೆಲ್ಲಗೆ ಅವನನ್ನು ಹೊರಗೆ ಕರೆದೊಯ್ಯುತ್ತಾನೆ. ಇಬ್ಬರಿಗೂ ಮುಂದೆ ಕೆಲಸ ಹುಡುಕಬೇಕಾಗಿದೆ.