ದೂರು ನಡೆಸಲಿಕ್ಕೂ ಅಪ್ಪಣೆ ಬೇಕೆ?

ಪ್ರಶ್ನೆ: ಸಿಡ್ನಿಯಲ್ಲಿ ತಾರತಮ್ಯದ ದೂರು ಕೊಟ್ಟವರ ಮೇಲೆ ಮಾಲೀಕರು ಸೇಡು ತೀರಿಸಿಕೊಂಡರೆ, ಆ ಕುರಿತು ಮೊಕದ್ದಮೆ ನಡೆಸಲು ನ್ಯಾಯಮಂಡಳಿಯ ಅನುಮತಿ ಬೇಕಂತೆ. ನಿಜವೇ?

ಉತ್ತರ: ಎಲ್ಲ ದೂರುಗಳಿಗೂ ಬೇಡ. ನ್ಯೂ ಸೌತ್ ವೇಲ್ಸ್ ರಾಜ್ಯದ 1977ರ ತಾರತಮ್ಯ ವಿರೋಧಿ ಕಾಯ್ದೆಯ 50ನೇ ಸೆಕ್ಷನ್ ಇಂಥ ಸೇಡನ್ನು ನಿಷೇಧಿಸುತ್ತದೆ. ಜನಾಂಗದ ಕಾರಣಕ್ಕೆ ಬಡ್ತಿ ತಪ್ಪಿತೆಂದು ಒಬ್ಬಾಕೆ ದೂರು ಕೊಟ್ಟಳು, ಮರುವಾರವೇ ಪಾಳಿ ಪಟ್ಟಿಯಲ್ಲಿ ಅವಳ ಹೆಸರು ಮಾಯ ಎನ್ನಿ. ಮೂಲ ದೂರು ಸಾಬೀತಾಗದೇ ಹೋದರೂ ಸೇಡಿನ ದೂರು ನಿಲ್ಲಬಹುದು. ಆದರೆ ಆರೋಪ ಸುಳ್ಳಾಗಿದ್ದು, ದುರುದ್ದೇಶದ್ದೂ ಆಗಿದ್ದರೆ ರಕ್ಷಣೆಯಿಲ್ಲ.

ದೂರು ಮೊದಲು ಹೋಗುವುದು ತಾರತಮ್ಯ ವಿರೋಧಿ ಸಂಸ್ಥೆಯ ಅಧ್ಯಕ್ಷರ ಬಳಿಗೆ. ಹುರುಳಿಲ್ಲವೆಂದು ಅವರು ತಳ್ಳಿಹಾಕಿದರೆ, 21 ದಿನದೊಳಗೆ ಲಿಖಿತವಾಗಿ ಕೇಳಿ ಅದನ್ನು ನ್ಯಾಯಮಂಡಳಿಗೆ ಕಳಿಸಿಕೊಳ್ಳಬಹುದು. ನೀವು ಕೇಳಿದ ಅನುಮತಿ ಬೇಕಾಗುವುದು ಇಲ್ಲಿ, 96ನೇ ಸೆಕ್ಷನ್ ಪ್ರಕಾರ. ಅದನ್ನು ಕೊಡುವುದು ನ್ಯಾಯಯುತವೇ ಎಂಬುದೇ ಅಳತೆಗೋಲು. 2009ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೇಳಿದ್ದೂ ಇದನ್ನೇ.

ಇಲ್ಲಿ ಬಹುತೇಕರು ಎಡವುವುದು ಕಾರಣದ ಪ್ರಶ್ನೆಯಲ್ಲಿ. ಪಾಳಿ ಹೋಯಿತೆಂದು ತೋರಿಸುವುದು ಸುಲಭ, ದೂರು ಕೊಟ್ಟಿದ್ದಕ್ಕೇ ಹೋಯಿತೆಂದು ತೋರಿಸುವುದು ಕಷ್ಟ. ಯಾವ ಮಾಲೀಕ ತಾನೇ ಹಾಗೆಂದು ಬರೆದುಕೊಟ್ಟಾನು? ಹಾಗಾಗಿ ತಾರೀಖುಗಳೇ ಸಾಕ್ಷಿ ಹೇಳಬೇಕು. ಆ ರಾಜ್ಯದಲ್ಲಿ ನಿಮ್ಮವರು ಯಾರಾದರೂ ದುಡಿಯುತ್ತಿದ್ದರೆ, ದೂರಿನ ಹಿಂದಿನ ಮತ್ತು ಮುಂದಿನ ಪಾಳಿ ಪಟ್ಟಿ, ಇಮೇಲ್‌ಗಳನ್ನು ಜೋಪಾನ ಮಾಡಲು ಹೇಳಿ. ಘಟನೆ ನಡೆದ 12 ತಿಂಗಳೊಳಗೆ ದೂರು ಸಲ್ಲಿಸಲಿ.