ಚೋಬೆ ನದಿಯ ದಡದಲ್ಲಿ ನಾಲ್ಕು ದಿನ

ದೂರದೇಶದ ಪ್ರವಾಸವೆಂದರೆ ಅರಮನೆಗಳನ್ನೂ ದೇವಾಲಯಗಳನ್ನೂ ನೋಡಿಬರುವುದೆಂದು ತಿಳಿದಿದ್ದವರು ನಾವು. ಕಳೆದ ಸೆಪ್ಟೆಂಬರ್ ತಿಂಗಳಿನಲ್ಲಿ ಸಹಧರ್ಮಿಣಿಯೊಡನೆ ಆಫ್ರಿಕಾ ಖಂಡದ ದಕ್ಷಿಣಭಾಗಕ್ಕೆ ಹೋಗಿ, ಬೋಟ್ಸ್ವಾನಾ ದೇಶದ ಚೋಬೆ ನದಿಯ ದಡದಲ್ಲಿರುವ ಒಂದು ವಸತಿಗೃಹದಲ್ಲಿ ನಾಲ್ಕು ದಿನ ತಂಗಿದ್ದು ಬಂದ ತರುವಾಯ ಆ ತಿಳಿವಳಿಕೆ ಬದಲಾಯಿತು. ಅಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ. ಒಂದು ನದಿ, ಅದರ ನೀರನ್ನು ನಂಬಿ ಬದುಕುವ ಮೃಗಗಳು, ಆ ಮೃಗಗಳ ಮಗ್ಗುಲಲ್ಲಿಯೇ ಬಾಳುವ ಜನರು, ಇವಿಷ್ಟೇ. ಕಂಡದ್ದನ್ನೂ ಕೇಳಿದ್ದನ್ನೂ, ನಮ್ಮಿಂದಲೇ ಆದ ಒಂದು ಅವಿವೇಕವನ್ನೂ ಮರೆಮಾಡದೆ ವಾಚಕರ ಮುಂದಿಡುತ್ತೇವೆ.

ಮೊದಲು ನದಿಯ ವಿಚಾರ. ಅಂಗೋಲಾ ದೇಶದ ಎತ್ತರದ ಭೂಮಿಯಲ್ಲಿ ಹುಟ್ಟುವಾಗ ಇದಕ್ಕೆ ಕ್ವಾಂಡೋ ಎಂದು ಹೆಸರು. ನಡುವೆ ಲಿನ್ಯಾಂಟಿ ಎನ್ನುತ್ತಾರೆ. ಕೊನೆಯ ಭಾಗದಲ್ಲಿ ಚೋಬೆಯಾಗಿ, ಕಜುಂಗುಲಾ ಎಂಬ ಊರಿನ ಬಳಿ ಜಾಂಬೆಜಿ ಮಹಾನದಿಯನ್ನು ಸೇರುತ್ತದೆ. ಜಾಂಬೆಜಿಯಲ್ಲಿ ನೆರೆ ಬಂದಾಗ ನೀರು ಚೋಬೆಯ ಪಾತ್ರದಲ್ಲಿ ಹಿಮ್ಮುಖವಾಗಿ ನುಗ್ಗಿ ಬಯಲನ್ನೆಲ್ಲ ಆವರಿಸುವುದುಂಟು. ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಎಂಬ ನಾಲ್ಕು ದೇಶಗಳು ಈ ಸಂಗಮದ ಸಮೀಪದಲ್ಲಿ ಕೂಡುತ್ತವೆ. ಅಲ್ಲಿ 2021ರಲ್ಲಿ ತೆರೆದ 923 ಮೀಟರು ಉದ್ದದ ಸೇತುವೆಯು ಜಿಂಬಾಬ್ವೆಯ ನೆಲವನ್ನು ಮುಟ್ಟದಂತೆ ಬಿಲ್ಲಿನ ಹಾಗೆ ಬಾಗಿಕೊಂಡಿದೆ.

ವಸತಿಗೃಹವು ಕಸಾನೆ ಎಂಬ ಸಣ್ಣ ಪಟ್ಟಣದ ಅಂಚಿನಲ್ಲಿತ್ತು. ಕೋರೆಯುಳ್ಳ ಕಾಡುಹಂದಿಗಳು ಆ ಪಟ್ಟಣದ ಬೀದಿಯಲ್ಲಿ ನಮ್ಮ ಊರ ದನಗಳಂತೆ ನಿರ್ಭಯವಾಗಿ ಓಡಾಡುವುದನ್ನು ಕಂಡು ನಾವು ಬೆರಗಾದೆವು. ಹುಲ್ಲುಹೊದಿಕೆಯ ಎಂಟು ಕುಟೀರಗಳು, ನಡುವೆ ಭೋಜನಶಾಲೆ, ಎದುರಿಗೆ ನದಿ. ಸುತ್ತ ಬೇಲಿಯಿಲ್ಲ. ಬರಮಾಡಿಕೊಂಡ ಯುವಕನು ನಮ್ಮನ್ನು "ಡುಮೆಲಾ ರ್ರಾ" ಎಂದೂ, ನಮ್ಮವರನ್ನು "ಡುಮೆಲಾ ಮ್ಮಾ" ಎಂದೂ ವಂದಿಸಿದನು. ರ್ರಾ ಎಂದರೆ ತಂದೆ, ಮ್ಮಾ ಎಂದರೆ ತಾಯಿ. ಅಪರಿಚಿತರನ್ನು ಅಪ್ಪಾ, ಅಮ್ಮಾ ಎಂದು ಕರೆಯುವ ನಾಡು ನಮ್ಮದೊಂದೇ ಅಲ್ಲವೆಂದು ತಿಳಿದು ದಾರಿಯ ಆಯಾಸ ಅರ್ಧ ಇಳಿಯಿತು. ಈ ಯುವಕನೇ ನಾಲ್ಕು ದಿನವೂ ನಮ್ಮ ದೋಣಿಯನ್ನು ನಡೆಸಿದವನು.

ಮೊದಲನೆಯ ದಿನವೇ ಎರಡು ಕಟ್ಟಳೆಗಳನ್ನು ಅವನು ತಿಳಿಸಿದನು. ತಿಂಡಿಯನ್ನು ಮೇಜಿನ ಮೇಲೆ ಬಿಟ್ಟು ಏಳಬಾರದು, ಕೋತಿಗಳು ಬಿಡುವುದಿಲ್ಲ. ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಕುಟೀರದ ಹೊರಗೆ ಹೆಜ್ಜೆಯಿಡಬಾರದು. ಬೇಕಾದರೆ ಕೋಣೆಯಲ್ಲಿ ತೂಗುಹಾಕಿರುವ ಸಿಳ್ಳನ್ನು ಊದಬೇಕು. ಮೊದಲನೆಯದನ್ನು ಮರೆತುದರ ಫಲವಾಗಿ ಮರುದಿನ ನಮ್ಮ ತಟ್ಟೆಯ ರೊಟ್ಟಿ ಮರವೇರಿತು. ಎರಡನೆಯದರ ಸಂಗತಿ ಮುಂದೆ ಬರುತ್ತದೆ.

ಸೆಪ್ಟೆಂಬರ್ ಅಲ್ಲಿ ಒಣಗಾಲದ ಕೊನೆಯ ಭಾಗ. ಒಳನಾಡಿನ ಹೊಂಡಗಳು ಬತ್ತಿ, ಆನೆಗಳೆಲ್ಲ ನದಿಗೆ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ದೋಣಿಯಲ್ಲಿ ಹೊರಟರೆ, ದಡದ ಧೂಳಿನೊಳಗಿಂದ ಒಂದರ ಹಿಂದೊಂದು ಹಿಂಡು ಇಳಿದು ಬರುವುದನ್ನು ಕಾಣಬಹುದು. ಒಂದೇ ಸಂಜೆ ನೂರರವರೆಗೆ ಎಣಿಸಿ ನಾವು ಎಣಿಕೆಯನ್ನು ಬಿಟ್ಟೆವು. ನಮ್ಮ ದೇಶದ ಆನೆಗಿಂತ ಇದರ ಮೈ ದೊಡ್ಡದು, ಕಿವಿಗಳು ಮೊರಕ್ಕಿಂತ ಎಷ್ಟೋ ಅಗಲ, ಹೆಣ್ಣಿಗೂ ದಂತವುಂಟು, ಸೊಂಡಿಲಿನ ತುದಿಯಲ್ಲಿ ನಮ್ಮದಕ್ಕೆ ಒಂದು ಬೆರಳಾದರೆ ಇದಕ್ಕೆ ಎರಡು. ನದಿಯ ನಡುವಿನ ಸೆದುದು ದ್ವೀಪದ ಹುಲ್ಲಿಗಾಗಿ ಅವು ಈಜಿ ಹೋಗುವಾಗ, ಮರಿಯನ್ನು ನಡುವೆ ಇಟ್ಟುಕೊಂಡು, ಸೊಂಡಿಲನ್ನು ಮಾತ್ರ ಮೇಲೆತ್ತಿ ಸಾಗುವ ನೋಟವನ್ನು ನಮ್ಮವರು ಕೈಮುಗಿದು ನೋಡಿದರು.

ಈ ದ್ವೀಪಕ್ಕೂ ಒಂದು ಚರಿತ್ರೆಯುಂಟು. ಇಂಗ್ಲೆಂಡೂ ಜರ್ಮನಿಯೂ 1890ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ನದಿಯ ಮುಖ್ಯ ಪ್ರವಾಹದ ನಡುವೆ ಗಡಿಯೆಂದು ಬರೆದರು. ದ್ವೀಪದ ಇಕ್ಕೆಲದಲ್ಲಿ ಹರಿಯುವ ಎರಡು ಪ್ರವಾಹಗಳಲ್ಲಿ ಮುಖ್ಯವಾದುದು ಯಾವುದೆಂದು ಹೇಳಲಿಲ್ಲ. ಶತಮಾನದ ಬಳಿಕ ಬೋಟ್ಸ್ವಾನಾ ಮತ್ತು ನಮೀಬಿಯಾ ದೇಶಗಳು ಈ ವ್ಯಾಜ್ಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದುವು. 1999ರ ಡಿಸೆಂಬರಿನಲ್ಲಿ ನ್ಯಾಯಾಲಯವು ಉತ್ತರದ ಪ್ರವಾಹವೇ ಮುಖ್ಯವೆಂದು ತೀರ್ಮಾನಿಸಿ ದ್ವೀಪವನ್ನು ಬೋಟ್ಸ್ವಾನಾಕ್ಕೆ ಕೊಟ್ಟಿತು. ಎರಡು ದೇಶಗಳ ದೋಣಿಗಳಿಗೂ ಸಮಾನ ಸೌಕರ್ಯವಿರತಕ್ಕದ್ದೆಂದೂ ಹೇಳಿತು. ತುಪಾಕಿಯಿಂದಲ್ಲ, ತೀರ್ಪಿನಿಂದ ಮುಗಿದ ಜಗಳವೆಂದು ನಮ್ಮ ಅಂಬಿಗನು ಹೆಮ್ಮೆಯಿಂದ ಹೇಳಿದನು.

ಇನ್ನು ನಮ್ಮ ಅವಿವೇಕದ ಮಾತು. ಎರಡನೆಯ ರಾತ್ರಿ ಊಟ ಮುಗಿಸಿ ಕಾವಲುಗಾರನೊಡನೆ ಕುಟೀರಕ್ಕೆ ಬಂದ ಮೇಲೆ, ರಕ್ತದೊತ್ತಡದ ಗುಳಿಗೆಯ ಡಬ್ಬಿಯನ್ನು ಭೋಜನಶಾಲೆಯಲ್ಲಿಯೇ ಬಿಟ್ಟುಬಂದುದು ನಮ್ಮವರ ನೆನಪಿಗೆ ಬಂದಿತು. ಭೋಜನಶಾಲೆಯ ದೀಪ ಎದುರಿಗೇ ಕಾಣುತ್ತಿದ್ದಿತು. ಮೂವತ್ತು ಹೆಜ್ಜೆಯ ದಾರಿಗೆ ಸಿಳ್ಳು ಊದಿ ಆ ಬಡಪಾಯಿಯನ್ನು ಪುನಃ ಕರೆಯುವುದೇಕೆಂದು ಬಾಗಿಲು ತೆರೆದು ನಾವು ಮೊದಲ ಮೆಟ್ಟಿಲಿಗೆ ಇಳಿದೆವು. ಕೊಟ್ಟಿಗೆಯಲ್ಲಿ ಎಮ್ಮೆ ಹುಲ್ಲು ಹರಿದು ತಿನ್ನುವಂತಹ ಶಬ್ದ ಕೇಳಿಸಿತು. ಕೈದೀಪವನ್ನು ಅತ್ತ ಹಿಡಿದೆವು. ಎಂಟು ಹತ್ತು ಮೊಳದ ಅಂತರದಲ್ಲಿ, ಗೋಡೆಯಂತೆ ನೀರಾನೆ ನಿಂತಿದ್ದಿತು! ಅದು ತಲೆಯೆತ್ತಿ ದೀಪದ ಕಡೆಗೆ ತಿರುಗಿತು. ನಮ್ಮ ಕಾಲುಗಳು ನೆಲಕ್ಕೆ ಅಂಟಿದಂತಾದುವು. ಹಿಂದಿನಿಂದ ನಮ್ಮವರು ಅಂಗಿಯನ್ನು ಹಿಡಿದೆಳೆದು ಬಾಗಿಲು ಹಾಕಿದ ಮೇಲೆಯೇ ನಮಗೆ ಉಸಿರು ಬಂದುದು.

ಸಿಳ್ಳಿನ ಸದ್ದಿಗೆ ಕಾವಲುಗಾರನು ಬಂದನು. ಮೃಗವು ಮೇಯುತ್ತ ದೂರ ಹೋಗುವವರೆಗೆ ಕಾದು, ಡಬ್ಬಿಯನ್ನು ತಂದುಕೊಟ್ಟನು. ಅವನು ಗದರಿಸಲಿಲ್ಲ. "ಸಿಳ್ಳನ್ನು ಮೊದಲು ಊದಿದಿರೋ, ಬಾಗಿಲನ್ನು ಮೊದಲು ತೆರೆದಿರೋ, ರ್ರಾ?" ಎಂದು ಮಾತ್ರ ಕೇಳಿದನು. ನಾವು ತಲೆತಗ್ಗಿಸಿದೆವು. ನೀರಾನೆಯು ಹಗಲೆಲ್ಲ ನೀರಿನಲ್ಲಿದ್ದು ರಾತ್ರಿ ಮೇಯಲು ದಡಕ್ಕೆ ಬರುತ್ತದೆ; ಒಂದು ರಾತ್ರಿಗೆ ಸುಮಾರು 40 ಕಿಲೋಗ್ರಾಂ ಹುಲ್ಲು ತಿನ್ನುತ್ತದೆ. ಹೆದರಿದರೆ ನೇರವಾಗಿ ನೀರಿಗೆ ಓಡುತ್ತದೆ. ಅದಕ್ಕೂ ನದಿಗೂ ನಡುವೆ ಸಿಕ್ಕಿದವನ ಪ್ರಾಣ ಉಳಿಯುವುದು ಕಷ್ಟ. ಭೋಜನಶಾಲೆಯ ಕಾಲುದಾರಿ ಹಾದುಹೋಗುವುದು ನದಿಯ ಬದಿಯಲ್ಲಿಯೇ! ಪರದೇಶದಲ್ಲಿ ಅಲ್ಲಿನವರು ಹೇಳಿದ ಕಟ್ಟಳೆಗೆ ಕಾರಣ ಕೇಳುವುದು ತಪ್ಪಲ್ಲ. ಆದರೆ ಕಾರಣ ತಿಳಿಯುವ ಮುನ್ನವೂ ಅದನ್ನು ಪಾಲಿಸತಕ್ಕದ್ದು.

ಮೂರನೆಯ ದಿನ ದೋಣಿಯಲ್ಲಿ ಅಂಬಿಗನು ಎಂದಿನಂತೆ ಮಾತನಾಡಲಿಲ್ಲ. ವಿಚಾರಿಸಲಾಗಿ, ಹಳ್ಳಿಯಲ್ಲಿರುವ ತಾಯಿಯಿಂದ ಸುದ್ದಿ ಬಂದಿತ್ತೆಂದನು. ಮಳೆಗಾಲ ನವೆಂಬರಿನ ಹೊತ್ತಿಗೆ ಬರುತ್ತದೆ. ಈ ವರ್ಷ ಹೊಲ ಬಿತ್ತಬೇಕೇ ಬೇಡವೇ ಎಂದು ಆಕೆ ಕೇಳಿದ್ದಳು. ಹಿಂದಿನ ವರ್ಷ ತೆನೆ ಬಲಿತ ಜೋಳದ ಹೊಲವನ್ನು ಆನೆಗಳು ಒಂದೇ ರಾತ್ರಿಯಲ್ಲಿ ತುಳಿದು ಮುಗಿಸಿದ್ದುವು. "ನೀವು ಕೈಮುಗಿದ ಆನೆಯೇ ನಮ್ಮ ತಾಯಿಯ ಕಣಜವನ್ನೂ ಬರಿದುಮಾಡುತ್ತದೆ, ಮ್ಮಾ. ಅದರಿಂದಲೇ ನನಗೆ ಸಂಬಳವೂ ಬರುತ್ತದೆ. ನಾನು ಯಾವ ಮಾತು ಹೇಳಲಿ?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

2022ರ ಗಣತಿಯ ಅಂದಾಜಿನಂತೆ ಬೋಟ್ಸ್ವಾನಾದಲ್ಲಿ ಸುಮಾರು 1,31,900 ಆನೆಗಳಿವೆ. ಜನರು ಸುಮಾರು 24 ಲಕ್ಷ. ಎಂದರೆ ಹದಿನೆಂಟು ಮಂದಿಗೆ ಒಂದು ಆನೆ! ಬೇಟೆಯನ್ನು ಸರ್ಕಾರ 2014ರಲ್ಲಿ ನಿಲ್ಲಿಸಿ, ಹಳ್ಳಿಗರ ಕಷ್ಟವನ್ನೂ ಕಾರಣವಾಗಿ ಹೇಳಿ, 2019ರಲ್ಲಿ ಮರಳಿ ಅನುಮತಿಸಿತು. ಇದು ನಮಗೆ ಪರರ ಮನೆಯ ಕಥೆಯೇನೂ ಅಲ್ಲ. 2023ರ ಗಣತಿಯಲ್ಲಿ ಕರ್ಣಾಟಕದ ಆನೆಗಳು 6,395 ಎಂದು ಅಂದಾಜಾಗಿದೆ. ಸಕಲೇಶಪುರ, ಆಲೂರು, ಕೊಡಗಿನ ಕಡೆಯ ಗೃಹಸ್ಥರನ್ನು ಕೇಳಿದರೆ ಆ ತಾಯಿಯ ಪ್ರಶ್ನೆಯ ಭಾರ ತಿಳಿಯುತ್ತದೆ.

ಒಂದು ಉಪಾಯವನ್ನು ಅಂಬಿಗನೇ ವಿವರಿಸಿದನು. ಆನೆಗೆ ಮೆಣಸಿನಕಾಯಿಯ ಘಾಟು ಆಗದು. ಆನೆಯ ಲದ್ದಿಗೆ ಖಾರದ ಪುಡಿ ಕಲಸಿ ಇಟ್ಟಿಗೆಯಂತೆ ತಟ್ಟಿ ಒಣಗಿಸಿ, ರಾತ್ರಿ ಹೊಲದ ಅಂಚಿನಲ್ಲಿ ಹೊಗೆಯಾಡಿಸುತ್ತಾರೆ. ಹಳೆಯ ಎಂಜಿನ್ ಎಣ್ಣೆಗೆ ಖಾರ ಬೆರಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಬೇಲಿ ಮಾಡುತ್ತಾರೆ. ಆದರೆ ಗಾಳಿ ತಿರುಗಿದರೆ ಹೊಗೆಯೂ ತಿರುಗುತ್ತದೆ. ಮಳೆಯಲ್ಲಿ ಬಟ್ಟೆಯ ಖಾರ ತೊಳೆದುಹೋಗುತ್ತದೆ. ಪ್ರತಿರಾತ್ರಿ ಎದ್ದು ನೋಡುವ ಜನ ಬೇಕು. "ತಾಯಿ ಒಬ್ಬಳೇ ಇದ್ದಾಳೆ" ಎಂದನು. ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಮನೆಮಂದಿಯೆಲ್ಲ ಕೆಮ್ಮುವುದನ್ನು ನೆನೆದು ನಮ್ಮವರು ನಕ್ಕರು. ಮರುಕ್ಷಣವೇ ಸುಮ್ಮನಾಗಿ, ಹೊಲವನ್ನೆಲ್ಲ ಬಿತ್ತದೆ ಮನೆಯ ಹತ್ತಿರದ ಅರ್ಧವನ್ನು ಮಾತ್ರ ಬಿತ್ತಿದರೆ ಒಬ್ಬಳೇ ಕಾಯಲು ಸಾಧ್ಯವೇ ಎಂದು ಕೇಳಿದರು. ಅವನು ಬಹಳ ಹೊತ್ತು ಯೋಚಿಸುತ್ತಿದ್ದನು.

ಹೋಗಬೇಕೆಂದಿರುವವರಿಗೆ ಎರಡು ಮಾತು. ಆ ಸೀಮೆಯಲ್ಲಿ ಮಲೇರಿಯಾ ಉಂಟು. ವೈದ್ಯರನ್ನು ಮೊದಲೇ ಕಂಡು ಔಷಧಿ ತೆಗೆದುಕೊಳ್ಳತಕ್ಕದ್ದು. ಶಾಕಾಹಾರಿಗಳು ಮುಂಚಿತವಾಗಿ ಬರೆದು ತಿಳಿಸಿದರೆ ಅನುಕೂಲ; ನಮಗೆ ದೊರೆತ ಹುಳಿಬರಿಸಿದ ಜೋಳದ ಗಂಜಿಯು ನಮ್ಮ ಅಂಬಲಿಯ ಒಡಹುಟ್ಟೇ ಆಗಿದ್ದಿತು.

ಆ ದೇಶದ ನಾಣ್ಯಕ್ಕೆ ಪುಲಾ ಎಂದು ಹೆಸರು. ಪುಲಾ ಎಂದರೆ ಮಳೆ. ಹರಸುವಾಗಲೂ ಅದೇ ಮಾತನ್ನು ಹೇಳುತ್ತಾರೆ. ಹೊರಡುವ ದಿನ ಅಂಬಿಗನಿಗೆ ನಾವೂ ಹಾಗೆಯೇ ಹೇಳಿ ಬಂದೆವು. ಡಿಸೆಂಬರಿನಲ್ಲಿ ಅವನಿಂದ ನಾಲ್ಕು ಸಾಲಿನ ಪತ್ರ ಬಂದಿತು. ಮಳೆ ಬಂದಿದೆ, ತಾಯಿ ಅರ್ಧ ಹೊಲವನ್ನು ಬಿತ್ತಿದ್ದಾಳೆ, ಖಾರದ ಹಗ್ಗ ಕಟ್ಟಲು ರಜೆಯಲ್ಲಿ ತಾನೂ ಹೋಗಿದ್ದನಂತೆ, ಪೈರು ಮೊಣಕಾಲೆತ್ತರ ಬಂದಿದೆ, ಆನೆಗಳು ಇನ್ನೂ ಬಂದಿಲ್ಲ. ಸುಗ್ಗಿಯ ಸುದ್ದಿಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಕಾದಿದ್ದೇವೆ.