ಕಾಲಿನ ಸೆಳೆತ: ಯಾವುದು ಮಾಮೂಲಿ, ಯಾವುದಕ್ಕೆ ಎಚ್ಚರ ಬೇಕು?

ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, 'ಯಾ ಅಲ್ಲಾಹ್' ಎಂದು ಎದ್ದು ಕೂತ ಅನುಭವ ನಿಮಗೂ ಇರಬಹುದು. ನಮ್ಮಲ್ಲಿ ಇದನ್ನು 'ನರ ಹಿಡಿದದ್ದು' ಅಂತ ಹೇಳುವುದುಂಟು. ನಿಜವಾಗಿ ಬಿಗಿದುಕೊಳ್ಳುವುದು ಸ್ನಾಯು. ಮಲಗಿದಾಗ ಪಾದ ಕೆಳಕ್ಕೆ ಚಾಚಿಕೊಂಡಿರುವುದರಿಂದ ಮೀನಖಂಡದ ಸ್ನಾಯು ಮೊದಲೇ ಕುಗ್ಗಿರುತ್ತದೆ. ಆಗ ಇನ್ನಷ್ಟು ಕುಗ್ಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ನಿಧಾನ ಎಳೆದರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ.

ಕಾರಣ ಒಂದೇ ಅಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತವರಿಗೆ, ವಾರಕ್ಕೊಮ್ಮೆ ಮಾತ್ರ ಫುಟ್ಬಾಲ್ ಆಡುವ ಹುಡುಗರಿಗೆ ಸ್ನಾಯು ದಣಿದೇ ಸೆಳೆತ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರಿನೊಂದಿಗೆ ನೀರು ಮಾತ್ರವಲ್ಲ, ಉಪ್ಪಿನಂಶವೂ ಹೋಗುತ್ತದೆ. ರಮಝಾನ್‌ನಲ್ಲಿ ಇಫ್ತಾರ್‌ಗೆ ಎರಡು ಗ್ಲಾಸ್ ಶರಬತ್ತು, ಮತ್ತೆ ಬರೀ ಚಹಾ ಅಂತಾದರೆ ತರಾವೀಹ್‌ನಲ್ಲೇ ಕಾಲು ಹಿಡಿದರೆ ಆಶ್ಚರ್ಯವಿಲ್ಲ. ಸಹ್ರಿವರೆಗೆ ಆಗಾಗ ನೀರು ಕುಡಿಯಿರಿ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ, ಶುಗರ್ ಇದ್ದವರಿಗೆ, ಡಯಾಲಿಸಿಸ್ ಮಾಡಿಸುವವರಿಗೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ಇದು ಸಾಮಾನ್ಯ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬಾಳೆಹಣ್ಣು ತಿಂದರೆ ಸರಿಯಾಗುತ್ತದೆ ಎನ್ನುವುದನ್ನು ಮಾತ್ರ ಅಷ್ಟು ನಂಬಬೇಕಿಲ್ಲ. ತಿನ್ನಿ, ಹಣ್ಣು ಒಳ್ಳೆಯದೇ.

ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ, ಮತ್ತೆ ನಡೆದರೆ ಬರುತ್ತದೆ ಅಂತಾದರೆ ಅದು ಸೆಳೆತವಲ್ಲ. ಕಾಲಿನ ರಕ್ತನಾಳ ಕಿರಿದಾಗಿರಬಹುದು. ಬೀಡಿ-ಸಿಗರೇಟು ಸೇದುವವರು ತಡಮಾಡದೆ ತೋರಿಸಬೇಕು.

ಇನ್ನೊಂದು ಇದಕ್ಕಿಂತಲೂ ಮುಖ್ಯ. ಒಂದೇ ಕಾಲು ಊದಿಕೊಂಡಿದೆ, ಮುಟ್ಟಿದರೆ ಬಿಸಿ, ನೋವು ನಿಮಿಷಗಳಲ್ಲಿ ಬಿಡದೆ ದಿನವಿಡೀ ಉಳಿದಿದೆ. ಆಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ವಿಮಾನದಲ್ಲೋ ಬಸ್ಸಿನಲ್ಲೋ ಬಂದವರು, ಆಪರೇಷನ್ ಆಗಿ ಮಲಗಿದವರು, ಹೆರಿಗೆಯಾದ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಹೆರಿಗೆಯ ನಂತರದ ಆರು ವಾರ ಈ ಅಪಾಯ ಹೆಚ್ಚು, ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಮಲಗಿಸಿ ಎಣ್ಣೆ ತಿಕ್ಕುವ ನಲ್ವತ್ತು ದಿನವೂ ಅದೇ. ಹೀಗೆ ಊದಿದ ಕಾಲನ್ನು ಖಂಡಿತ ತಿಕ್ಕಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಮರುದಿನದವರೆಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಕಾಲಿನ ಸ್ಕ್ಯಾನ್‌ನಿಂದ ಹೆಪ್ಪು ಇದೆಯೋ ಇಲ್ಲವೋ ತಿಳಿಯುತ್ತದೆ, ಅದಕ್ಕೆ ಔಷಧಿಯೂ ಇದೆ.